ಕ್ರೀಮಿನ ಹೆಸರು ಬದಲಾಯಿತು, ಚಿತ್ರ ಬದಲಾಗಲಿಲ್ಲ

[ದೃಶ್ಯ: ಮೊಬೈಲ್ ಪರದೆಯಲ್ಲಿ ಹದಿನೈದು ಸೆಕೆಂಡಿನ ರೀಲ್]

ನಮಸ್ಕಾರ. ಈಗ ನೀವು ನೋಡಿದ್ದು ಯಾವ ಕಂಪನಿಯ ಜಾಹೀರಾತೂ ಅಲ್ಲ. ಇನ್‌ಸ್ಟಾಗ್ರಾಮ್‌ನಲ್ಲಿ ದಿನವೂ ಕಾಣುವ, ಮುಖಕ್ಕೆ ಹಚ್ಚುವ ಸೀರಮ್‌ನ ಜಾಹೀರಾತುಗಳ ಜಾಡು ಹಿಡಿದು ಜಯನಗರದ ಮನೆಯೊಂದರಲ್ಲಿ ನಾವೇ ಚಿತ್ರೀಕರಿಸಿದ ಮಾದರಿ. ಮೊದಲ ದೃಶ್ಯದಲ್ಲಿ ಯುವತಿಯ ಕೂದಲನ್ನು ಹಿಂದಕ್ಕೆ ಬಿಗಿಯಾಗಿ ಕಟ್ಟಲಾಗಿದೆ, ಬೆಳಕು ನೆತ್ತಿಯ ಮೇಲಿನ ಬಲ್ಬಿನಿಂದ ಮಾತ್ರ ಬೀಳುತ್ತಿರುವುದರಿಂದ ಕಣ್ಣಿನ ಕೆಳಗೆ ನೆರಳು ಕವಿದಿದೆ, ಮುಖದಲ್ಲಿ ನಗುವಿಲ್ಲ. ‘ಏಳು ದಿನಗಳ ನಂತರ’ ಎಂಬ ಬರಹದೊಂದಿಗೆ ಬರುವ ಎರಡನೆಯ ದೃಶ್ಯದಲ್ಲಿ ಕೂದಲು ಬಿಚ್ಚಿದೆ, ತುಟಿಗೆ ಬಣ್ಣವಿದೆ, ನಗುವೂ ಇದೆ. ಕಣ್ಣಿನ ಪಾಪೆಯನ್ನು ದೊಡ್ಡದು ಮಾಡಿ ನೋಡಿದರೆ ಅಲ್ಲೊಂದು ಬಿಳಿ ಉಂಗುರ ಕಾಣುತ್ತದೆ. ಅದು ರಿಂಗ್ ಲೈಟಿನ ಪ್ರತಿಬಿಂಬ. ಎರಡೂ ದೃಶ್ಯಗಳನ್ನು ಒಂದೇ ಸಂಜೆ ತೆಗೆದದ್ದು. ಬಾಟಲಿಯಲ್ಲಿದ್ದದ್ದು ಬರೀ ನೀರು.

ಬಣ್ಣ ಬೆಳ್ಳಗಾಗಿಸುವ ಉತ್ಪನ್ನಗಳ ಜಾಹೀರಾತಿನಲ್ಲಿ ಕಪ್ಪು ಮೈಬಣ್ಣದವರನ್ನು ಅಸುಖಿಗಳಂತೆ, ಆಕರ್ಷಣೆಯಿಲ್ಲದವರಂತೆ ತೋರಿಸಬಾರದು, ಬಳಕೆಗೆ ಮುಂಚಿನ ಮುಖಭಾವದ ಬಗ್ಗೆಯೂ ಎಚ್ಚರ ವಹಿಸಬೇಕು ಎಂದು ಜಾಹೀರಾತು ಉದ್ಯಮದ ಸ್ವಯಂ ನಿಯಂತ್ರಣ ಸಂಸ್ಥೆಯಾದ ಎಎಸ್‌ಸಿಐ 2014ರಲ್ಲಿಯೇ ಮಾರ್ಗಸೂಚಿ ಹೊರಡಿಸಿದೆ. ಅದಕ್ಕೆ ಕಾರಣವಿತ್ತು. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿಯ ಜಾಹೀರಾತುಗಳಲ್ಲಿ ಮದುವೆಯೋ ಕೆಲಸವೋ ಕೈಗೂಡದ ಹುಡುಗಿಗೆ ಕ್ರೀಮು ಹಚ್ಚಿದ ಮೇಲೆ ಎಲ್ಲವೂ ಒಲಿದು ಬರುವ ಕಥೆಯನ್ನು ದಶಕಗಳ ಕಾಲ ಮತ್ತೆ ಮತ್ತೆ ಹೇಳಲಾಯಿತು.

[ದೃಶ್ಯ: ಕಡು ಬಣ್ಣದಿಂದ ತಿಳಿ ಬಣ್ಣಕ್ಕೆ ಸಾಗುವ ಪಟ್ಟಿ]

2020ರಲ್ಲಿ ವರ್ಣಭೇದದ ವಿರುದ್ಧ ಜಗತ್ತಿನಾದ್ಯಂತ ಪ್ರತಿಭಟನೆ ಎದ್ದಾಗ ಆ ಕ್ರೀಮು ಗ್ಲೋ ಅಂಡ್ ಲವ್ಲಿ ಎಂದಾಯಿತು. ಈಗಿನ ರೀಲ್‌ಗಳಲ್ಲಿ ‘ಬೆಳ್ಳಗಾಗುತ್ತೀರಿ’ ಎನ್ನುವವರು ವಿರಳ. ಗ್ಲೋ, ಬ್ರೈಟನಿಂಗ್, ಗ್ಲಾಸ್ ಸ್ಕಿನ್ (ಗಾಜಿನಂತೆ ಹೊಳೆಯುವ ಚರ್ಮ) ಎಂಬ ಮಾತುಗಳು ಆ ಜಾಗಕ್ಕೆ ಬಂದಿವೆ. ಆದರೆ ಮುಖದ ಬಣ್ಣ ಸಾಗುವ ದಿಕ್ಕು ಮಾತ್ರ ಇಂದಿಗೂ ಒಂದೇ. ಆ ಕ್ರೀಮಿನ ಹಿಂದಿರುವ ಯೂನಿಲಿವರ್ ಕಂಪನಿಯದೇ ಇನ್ನೊಂದು ಬ್ರ್ಯಾಂಡ್ ಆದ ಡವ್ 2004ರಿಂದ ‘ನಿಜವಾದ ಸೌಂದರ್ಯ’ದ ಪ್ರಚಾರ ನಡೆಸುತ್ತ ಬಂದಿದೆ, ಅದೇ ಡವ್ 2017ರಲ್ಲಿ, ಕಪ್ಪು ಮಹಿಳೆಯೊಬ್ಬಳು ಅಂಗಿ ತೆಗೆದಾಗ ಬಿಳಿ ಮಹಿಳೆ ಕಾಣಿಸಿಕೊಳ್ಳುವ ಫೇಸ್‌ಬುಕ್ ತುಣುಕಿಗಾಗಿ ಕ್ಷಮೆ ಕೇಳಬೇಕಾಯಿತು.

ನಿಜಕ್ಕೂ ಹೊಸದೆಂದರೆ ಹೇಳುವವರ ದನಿ. ಟಿವಿಯ ತಾರೆ ದೂರದವಳಾಗಿದ್ದಳು. ‘ತುಂಬಾ ಜನ ಕೇಳ್ತಿದ್ರಿ, ಅದಕ್ಕೇ ಹೇಳ್ತಿದ್ದೀನಿ’ ಎಂದು ನಮ್ಮದೇ ಕನ್ನಡದಲ್ಲಿ ಮಾತಿಗಿಳಿಯುವ ಇನ್‌ಫ್ಲೂಯೆನ್ಸರ್ ಪಕ್ಕದ ಮನೆಯ ಅಕ್ಕನಂತಿರುತ್ತಾಳೆ. ಬೋರ್‌ವೆಲ್ ನೀರಿಗೆ ಕೂದಲು ಉದುರುವುದು, ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಸ್ಕೂಟರ್ ಓಡಿಸಿ ಮುಖ ಟ್ಯಾನ್ ಆಗುವುದು, ಧೂಳಿಗೆ ಮೊಡವೆ ಏಳುವುದು ಎಲ್ಲವೂ ಅವಳಿಗೆ ಗೊತ್ತು. ನನ್ನ ದೃಷ್ಟಿಯಲ್ಲಿ ಅತ್ಯಂತ ಜಾಣತನದ ಕೆಲಸ ನಡೆಯುವುದು ಇಲ್ಲಿಯೇ: ಊರಿನ ನೀರು, ರಸ್ತೆ, ಗಾಳಿಯ ದೋಷಗಳೆಲ್ಲ ಹೆಣ್ಣಿನ ಮುಖದ ದೋಷಗಳಾಗುತ್ತವೆ, ಅದನ್ನು ಸರಿಪಡಿಸುವ ಖರ್ಚೂ ಅವಳ ಪಾಲಿಗೇ ಬೀಳುತ್ತದೆ. ಅದೇ ಬಿಸಿಲಿನಲ್ಲಿ ಬೆಳಗಿನಿಂದ ರಸ್ತೆ ಗುಡಿಸುವ ಪೌರಕಾರ್ಮಿಕ ಮಹಿಳೆಯ ಮುಖವನ್ನು ಈ ರೀಲ್‌ಗಳಲ್ಲಿ ಹುಡುಕಿದರೆ ಸಿಗುವುದು ಕಷ್ಟ.

ಮೈಸೂರು ಸ್ಯಾಂಡಲ್ ಸೋಪಿನ ಪ್ರಚಾರಕ್ಕೆ ಸರ್ಕಾರಿ ಸಂಸ್ಥೆಯು 2025ರಲ್ಲಿ ನಟಿ ತಮನ್ನಾ ಭಾಟಿಯಾ ಅವರನ್ನು 6.2 ಕೋಟಿ ರೂಪಾಯಿಗೆ ಆಯ್ಕೆ ಮಾಡಿದಾಗ ಅವರು ಕನ್ನಡಿಗರೇ ಎಂಬ ಬಗ್ಗೆ ಜೋರು ಚರ್ಚೆ ನಡೆಯಿತು. ಗಂಧದ ಪರಿಮಳದಿಂದಲೇ ಹೆಸರಾದ ಸೋಪಿಗೆ ತಾರೆಯೊಬ್ಬರ ಚೆಲುವು ಏಕೆ ಬೇಕೆಂಬ ಪ್ರಶ್ನೆ ಅಷ್ಟು ಜೋರಾಗಿ ಕೇಳಿಬರಲಿಲ್ಲ.

[ದೃಶ್ಯ: ರೀಲ್‌ನ ಮೂಲೆಯಲ್ಲಿ ಇಂಗ್ಲಿಷಿನ ಸಣ್ಣ ಪಟ್ಟಿ]

ಇನ್ನು ಕಾನೂನು. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡವಿದೆ. ಅದು ಉತ್ಪನ್ನವನ್ನು ಹೊಗಳಿದವರಿಗೂ ಅನ್ವಯಿಸುತ್ತದೆ. ಉತ್ಪನ್ನದ ಪರಿಣಾಮವನ್ನು ಹಿಗ್ಗಿಸಿ ತೋರಿಸುವ ಫಿಲ್ಟರ್ ಬಳಸಬಾರದೆಂದೂ, ಹಣ ಪಡೆದಿದ್ದರೆ ಅದನ್ನು ತಿಳಿಸಬೇಕೆಂದೂ 2021ರ ಎಎಸ್‌ಸಿಐ ಮಾರ್ಗಸೂಚಿ ಹೇಳುತ್ತದೆ. ಆದರೆ ಆ ಮಾರ್ಗಸೂಚಿಯ ಪ್ರಕಾರ ಹದಿನೈದು ಸೆಕೆಂಡಿನ ವಿಡಿಯೋದಲ್ಲಿ, ಇದು ಜಾಹೀರಾತು ಎಂದು ತಿಳಿಸುವ ಪಟ್ಟಿ ಮೂರು ಸೆಕೆಂಡು ಇದ್ದರೆ ಸಾಕು. ಅದು ಜಾಹೀರಾತಿನ ಭಾಷೆಯಲ್ಲಿರಬಹುದು ಅಥವಾ ಇಂಗ್ಲಿಷಿನಲ್ಲಿರಬಹುದು. ಹೀಗಾಗಿ ಮೊದಲಿನಿಂದ ಕೊನೆಯವರೆಗೆ ಕನ್ನಡದಲ್ಲಿ ಆಪ್ತವಾಗಿ ಮಾತನಾಡುವ ರೀಲ್, ತಾನು ಜಾಹೀರಾತು ಎಂಬ ಒಂದು ಸಂಗತಿಯನ್ನು ಮಾತ್ರ ಇಂಗ್ಲಿಷಿನಲ್ಲಿ ಹೇಳಿ ಮುಗಿಸಬಹುದು.