ಹೊಸ್ತಿಲ ಬಳಿಯ ಕವಿ: ಕೆ.ಎಸ್. ನರಸಿಂಹಸ್ವಾಮಿ

ಕೇಳುಗರಿಗೆ ನಮಸ್ಕಾರ.

ಕೆ.ಎಸ್. ನರಸಿಂಹಸ್ವಾಮಿ ಎಂದ ಕೂಡಲೇ ನಮ್ಮಲ್ಲಿ ಬಹಳ ಮಂದಿಗೆ ಒಂದು ರಾಗ ನೆನಪಾಗುತ್ತದೆ. ಪದ್ಯ ಆಮೇಲೆ. ಕ್ಯಾಸೆಟ್ಟಿನಿಂದ, ಸಿನಿಮಾದಿಂದ, ಮದುವೆಮನೆಯ ಮೈಕಿನಿಂದ ಈ ಕವಿತೆಗಳು ಮನೆಮನೆಗೆ ಬಂದವು. ಅದು ದೊಡ್ಡ ಉಪಕಾರವೇ. ಆದರೆ ರಾಗದಲ್ಲಿ ಕೇಳಿದಾಗ ಕೆಲವು ಸಂಗತಿಗಳು ಕಿವಿಗೆ ಬೀಳುವುದೇ ಇಲ್ಲ. ಇವತ್ತು ರಾಗವನ್ನು ಪಕ್ಕಕ್ಕಿಟ್ಟು, ಬಾಯಿಬಿಟ್ಟು ಓದುವ ಬಗೆಯಲ್ಲಿ ಅವರ ಕವಿತೆಯನ್ನು ನೋಡೋಣ.

ಅವರು ಹುಟ್ಟಿದ್ದು 1915ರ ಜನವರಿ 26ರಂದು, ಈಗಿನ ಮಂಡ್ಯ ಜಿಲ್ಲೆಯ ಕಿಕ್ಕೇರಿಯಲ್ಲಿ. ಬದುಕಿಗೆ ಸರ್ಕಾರಿ ಗುಮಾಸ್ತಿಕೆ. ಮೊದಲ ಕವನ ಸಂಕಲನ ‘ಮೈಸೂರು ಮಲ್ಲಿಗೆ’ ಅಚ್ಚಾದದ್ದು 1942ರಲ್ಲಿ. ತೀರಿಕೊಂಡದ್ದು 2003ರ ಡಿಸೆಂಬರಿನಲ್ಲಿ, ಬೆಂಗಳೂರಿನಲ್ಲಿ. ಮೊದಲ ಸಂಕಲನದಿಂದ ಕೊನೆಯವರೆಗೆ ಅರವತ್ತು ವರ್ಷಗಳ ಬರವಣಿಗೆ. ಇಷ್ಟನ್ನೂ ಜೋಡಿಸುವ ಒಂದು ಜಾಗ ಅವರ ಕವಿತೆಯಲ್ಲಿದೆ: ಮನೆಯ ಹೊಸ್ತಿಲು. ಯಾರೋ ಒಳಗೆ, ಯಾರೋ ಹೊರಗೆ, ನಡುವೆ ಒಂದು ಬಾಗಿಲು.

ಬಳೆಗಾರ ಚೆನ್ನಯ್ಯನ ಪದ್ಯದಿಂದಲೇ ಶುರುಮಾಡೋಣ. “ಬಳೆಗಾರ ಚೆನ್ನಯ್ಯ ಬಾಗಿಲಿಗೆ ಬಂದಿಹೆನು, ಒಳಗೆ ಬರಲಪ್ಪಣೆಯೆ ದೊರೆಯೆ?” ಇದನ್ನು ಎಣಿಸುವುದು ಸುಲಭ. ಅಕ್ಷರವನ್ನು ಉಚ್ಚರಿಸಲು ಹಿಡಿಯುವ ಕಾಲದ ಅಳತೆಯೇ ಮಾತ್ರೆ. ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ಒತ್ತಕ್ಷರದ ಹಿಂದಿರುವ ಅಕ್ಷರಕ್ಕೂ ಸೊನ್ನೆಯಿರುವ ಅಕ್ಷರಕ್ಕೂ ಎರಡೇ. ಬೆರಳು ಮಡಚಿ ನೋಡಿ. ‘ಬಳೆಗಾರ’ ಐದು, ‘ಚೆನ್ನಯ್ಯ’ ಐದು, ‘ಬಾಗಿಲಿಗೆ’ ಐದು, ‘ಬಂದಿಹೆನು’ ಐದು. ಹೀಗೆ ಮಾತ್ರೆ ಎಣಿಸಿ ಮಾಡಿದ ಒಂದೊಂದು ಗುಂಪೂ ಒಂದು ಗಣ. ಇಲ್ಲಿಯವರೆಗೆ ಪ್ರತಿ ಗಣಕ್ಕೂ ಒಂದು ಇಡೀ ಪದ. ಬೀದಿಯಲ್ಲಿ ನಡೆದು ಬರುವವನ ಹೆಜ್ಜೆಯಂತೆ ಸಲೀಸು. ಮುಂದಿನದು ನೋಡಿ. ‘ಒಳಗೆ ಬರ’ ಐದಕ್ಕೆ ಗಣ ಮುಗಿಯುತ್ತದೆ, ಆದರೆ ಪದ ಮುಗಿದಿಲ್ಲ. ‘ಲಪ್ಪಣೆಯೆ’ ಮುಂದಿನ ಗಣಕ್ಕೆ ಬೀಳುತ್ತದೆ. ಬಾಗಿಲವರೆಗೆ ಸರಾಗವಾಗಿ ಬಂದವನು ಒಳಗೆ ಬರಲೇ ಎಂದು ಕೇಳುವಾಗ ಪದವೇ ಹೊಸ್ತಿಲ ಮೇಲೆ ಎರಡಾಗಿ ನಿಂತಿದೆ. ಕೊನೆಗೆ ‘ದೊರೆಯೆ’, ಬರೀ ಮೂರು ಮಾತ್ರೆ. ಉಳಿದ ಎರಡು ಮಾತ್ರೆ ಖಾಲಿ. ಚೆನ್ನಯ್ಯ ಉತ್ತರಕ್ಕೆ ಕಾಯುತ್ತಿದ್ದಾನೆ.

ಓದುವಾಗ ತಪ್ಪುವುದು ಎರಡು ಕಡೆ. ಗಣಗಣಕ್ಕೂ ನಿಂತರೆ ಮಗ್ಗಿ ಒಪ್ಪಿಸಿದ ಹಾಗಾಗುತ್ತದೆ. ಗಣವನ್ನು ಮರೆತು ಗದ್ಯದಂತೆ ಓಡಿಸಿದರೆ ಆ ತಡವರಿಕೆ ಮಾಯವಾಗುತ್ತದೆ. ಲೆಕ್ಕ ಕಿವಿಯಲ್ಲಿರಲಿ, ನಾಲಗೆ ಮಾತನ್ನು ಮಾತಿನಂತೆಯೇ ಆಡಲಿ. ಹಾಡಿನಲ್ಲಿ ಆ ಖಾಲಿ ಜಾಗವನ್ನು ವಾದ್ಯ ತುಂಬಿಬಿಡುತ್ತದೆ. ಹಾಗಾಗಿ ಅಲ್ಲೊಂದು ಮೌನ ಇತ್ತೆಂಬುದೇ ತಿಳಿಯುವುದಿಲ್ಲ. ಬಳೆಗಾರ ಬಂದಿರುವುದು ಬಳೆ ತೊಡಿಸಲಿಕ್ಕಲ್ಲ ಎನ್ನುವುದನ್ನೂ ಗಮನಿಸಬೇಕು. ಮಡದಿ ತವರಿನಲ್ಲಿದ್ದಾಳೆ, ಅವನು ನವಿಲೂರಿನಿಂದ ಸುದ್ದಿ ತಂದಿದ್ದಾನೆ. ಮನೆಯೊಳಗಿನ ಹೆಂಗಸರ ಜೊತೆ ಸಲಿಗೆಯಿಂದ ಮಾತಾಡಬಹುದಾಗಿದ್ದ, ಊರೂರು ಸುತ್ತುವ ಹೊರಗಿನ ಗಂಡಸೆಂದರೆ ಬಳೆಗಾರನೇ. ಗಂಡಹೆಂಡಿರ ನಡುವಿನ ಮಾತಿಗೆ ಬೇರೆ ಯಾರನ್ನು ಕಳಿಸಿದ್ದರೂ ಪದ್ಯ ನಂಬುವಂತಾಗುತ್ತಿರಲಿಲ್ಲ.

ಇನ್ನು ರಾಯರು ಮಾವನ ಮನೆಗೆ ಬಂದ ಪದ್ಯ. ಇದರ ನಡಿಗೆ ನಾಲ್ಕು ಮಾತ್ರೆಯದು: ‘ರಾಯರು’, ‘ಬಂದರು’, ‘ಮಾವನ’. ಹುಣ್ಣಿಮೆಯ ರಾತ್ರಿ, ಮನೆಯವರ ಉಪಚಾರ, ಎಲ್ಲ ಇದೆ. ರಾಯರ ಮಡದಿ ಪದುಮಳು ಮಾತ್ರ ಕಾಣಿಸುವುದಿಲ್ಲ. ರಾಯರಿಗೆ ನಿದ್ದೆ ಬಾರದು. “ಪದುಮಳು ಒಳಗಿಲ್ಲ” ಎನ್ನುತ್ತದೆ ಪದ್ಯ. ಈಗಿನ ಅನೇಕರು ಇದನ್ನು ಮುನಿಸೋ ನಾಚಿಕೆಯೋ ಎಂದುಕೊಳ್ಳುತ್ತಾರೆ. ‘ಒಳಗಿಲ್ಲ’ ಎಂಬುದು ಹಳೆಯ ಮನೆಮಾತು. ಮುಟ್ಟಾದ ಹೆಂಗಸು ಮೂರು ದಿನ ‘ಹೊರಗೆ’. ನಾಲ್ಕನೆಯ ದಿನ ನೀರು ಹಾಕಿಕೊಂಡು ‘ಒಳಗೆ’. ಆದ್ದರಿಂದಲೇ ಬೆಳಗ್ಗೆ ರಾಯರು ಮುನಿಸಿನಿಂದ ಹೊರಟು ನಿಂತಾಗ ನಾದಿನಿ ಒಳಮನೆಯಲ್ಲಿ ನೀರಾಯಿತು ಎನ್ನುತ್ತಾಳೆ. ಆ ನೀರು ಯಾರಿಗೆ, ಯಾಕೆ ಎಂದು ಗೊತ್ತಿದ್ದವರಿಗೆ ಇಡೀ ಕಥೆ ಅಲ್ಲೇ ಬಿಚ್ಚಿಕೊಳ್ಳುತ್ತದೆ. ಆಮೇಲೆ ಪದುಮಳು ಹೂ ಮುಡಿದು ಬರುತ್ತಾಳೆ. ಆ ಕಟ್ಟುಪಾಡು ಅನೇಕ ಮನೆಗಳಿಂದ ಹೋಗಿದೆ, ಹೋಗಿದ್ದು ಒಳ್ಳೆಯದೇ ಆಯಿತು. ಆದರೆ ಪದ ಬಿಟ್ಟುಹೋದರೆ ಕವಿತೆಯ ಬೀಗದ ಕೈಯೂ ಜೊತೆಗೆ ಹೋಗುತ್ತದೆ. ಮಕ್ಕಳಿಗೆ ಪಾಠ ಹೇಳುವವರು ಇದನ್ನು ಸಂಕೋಚವಿಲ್ಲದೆ ಬಿಡಿಸಿ ಹೇಳಬೇಕು.

ಇದೆಲ್ಲ ಬರೀ ಸುಖದ ದಾಂಪತ್ಯ ಎಂಬ ಮಾತು ಅವರನ್ನು ಬಹಳ ಕಾಲ ಕಾಡಿತು. ಅಕ್ಕಿ ಆರಿಸುವ ಹೆಣ್ಣಿನ ಪದ್ಯ ಓದಿದವರು ಆ ಮಾತು ಹೇಳಲಾರರು. ಚಿಕ್ಕ ನುಚ್ಚಿನ ನಡುವೆ ಓಡಾಡುವ ಬೆರಳುಗಳಲ್ಲಿ ಬಂಗಾರವಿಲ್ಲ. ಬಡತನ ಎಂಬ ಪದ ಹಾಕುವ ಅಗತ್ಯವೇ ಬೀಳದಂತೆ, ಇಲ್ಲದ ಒಂದು ಉಂಗುರ ಅದನ್ನು ಹೇಳಿಬಿಡುತ್ತದೆ. ಹಾಗೆಯೇ “ದೀಪವು ನಿನ್ನದೆ, ಗಾಳಿಯು ನಿನ್ನದೆ”. ಪ್ರಾರ್ಥನೆಯೆಂದು ಸಭೆಗಳಲ್ಲಿ ಹಾಡುತ್ತೇವೆ. ಗಾಳಿ ನಿಲ್ಲಲಿ ಎಂದು ಅಲ್ಲಿ ಬೇಡಿಲ್ಲ. ಬೆಳಕು ಆರದಿರಲಿ ಎಂದಷ್ಟೇ. ಕಡಲಿಗೂ ಹಡಗಿಗೂ ಅದೇ ಮಾತು. ಕಾಯುವವನೂ ಕಸಿಯಬಲ್ಲವನೂ ಒಬ್ಬನೇ ಎಂದು ಒಪ್ಪಿಕೊಂಡು ಬೇಡುವ ಈ ದನಿಯಲ್ಲಿ ಸಾವಿನ ಅರಿವು ಆಗಲೇ ಇದೆ.

1958ರ ‘ಶಿಲಾಲತೆ’ ಸಂಕಲನದ ಹೊತ್ತಿಗೆ ಕನ್ನಡದಲ್ಲಿ ನವ್ಯದ ಗಾಳಿ, ಅಂದರೆ ಹಳೆಯ ಛಂದಸ್ಸಿನ ಕಟ್ಟನ್ನು ಸಡಿಲಿಸಿದ ಹೊಸ ಬಗೆಯ ಕಾವ್ಯದ ಗಾಳಿ. ನರಸಿಂಹಸ್ವಾಮಿಯವರ ಸಾಲಿನ ಉದ್ದ ಏರಿಳಿಯತೊಡಗಿತು, ಪ್ರಾಸದ ಹಿಡಿತ ಸಡಿಲಾಯಿತು. ಗಣದ ನಡಿಗೆ ಮಾತ್ರ ಪೂರ್ತಿ ಬಿಟ್ಟುಹೋಗಲಿಲ್ಲ. ಮಲ್ಲಿಗೆಯ ಕವಿ ದಾರಿ ತಪ್ಪಿದರು ಎಂದವರೂ ಇದ್ದರು. ಆ ಮಾತು ಸರಿಯಲ್ಲ. ಸಂಕಲನಗಳ ಹೆಸರನ್ನೇ ನೋಡಿ: ‘ಮನೆಯಿಂದ ಮನೆಗೆ’, ಆಮೇಲೆ 1977ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದ ‘ತೆರೆದ ಬಾಗಿಲು’. ಹೊಸ್ತಿಲು ಅಲ್ಲೇ ಇದೆ; ದಾಟುವವರ ವಯಸ್ಸು ಬದಲಾಗಿದೆ.

ಎಂಬತ್ತು ದಾಟಿದ ಮೇಲೂ ಅವರು ಬರೆದರು. ‘ಮೌನದಲಿ ಮಾತ ಹುಡುಕುತ್ತ’, ‘ಸಂಜೆ ಹಾಡು’, ‘ಕೈಮರದ ನೆಳಲಲ್ಲಿ’. ಊರ ಹೊರಗೆ ದಾರಿ ಕವಲಾಗುವಲ್ಲಿ ಊರುಗಳ ಹೆಸರು ಹೊತ್ತು ನಿಲ್ಲುವ ಕಂಬವೇ ಕೈಮರ. ಅದರ ನೆರಳಾದರೂ ಎಷ್ಟು, ಒಬ್ಬ ಮನುಷ್ಯನಿಗೂ ಸಾಲದು. ಅಂಥ ನೆರಳಲ್ಲಿ ನಿಲ್ಲುವವನು ಬಹಳ ಹೊತ್ತು ನಿಲ್ಲುವವನಲ್ಲ.

ಓದಲು ಕೂರುವವರು ಮೊದಲ ಸಂಕಲನದಿಂದ ಒಂದು ಪದ್ಯ, ಕೊನೆಯ ಸಂಕಲನಗಳಿಂದ ಒಂದು, ಹೀಗೆ ಜೋಡಿ ಮಾಡಿಕೊಳ್ಳಿ. ಎರಡನ್ನೂ ಗಟ್ಟಿಯಾಗಿ ಓದಿ. ಮೊದಲ ಸಲ ಬೆರಳಲ್ಲಿ ಮಾತ್ರೆ ಎಣಿಸಿ, ಎರಡನೆಯ ಸಲ ಬೆರಳು ಬಿಟ್ಟುಬಿಡಿ. ಚೆನ್ನಯ್ಯನ ಪದ್ಯಕ್ಕೆ ಬಂದಾಗ ‘ದೊರೆಯೆ’ ಆದ ಮೇಲೆ ಎರಡು ಮಾತ್ರೆ ಸುಮ್ಮನಿರಿ.

ನಮಸ್ಕಾರ.