ಮೊದಲ ಲಾರಿ ಯಾವ ಊರಿಗೆ?

ನಮಸ್ಕಾರ ಕೇಳುಗರೇ. ಭೂಕಂಪ ಆಗಿದೆ ಅಂದುಕೊಳ್ಳಿ. ಇರುವುದು ಹತ್ತು ಲಾರಿ, ಕೈಚಾಚಿರುವ ಊರು ನೂರು. ಮೊದಲ ಲಾರಿ ಎಲ್ಲಿಗೆ ಹೋಗಬೇಕು?

ಉಪಗ್ರಹದ ಚಿತ್ರ ಇದೆಯಲ್ಲ, ನೋಡಿದರೆ ಆಯ್ತು ಅಂತೀರಾ? ಕಾಂಕ್ರೀಟ್ ಕಟ್ಟಡ ಬೀಳುವಾಗ ಎಷ್ಟೋ ಸಲ ಕಂಬಗಳು ಮುರಿದು ತಾರಸಿ ಹಾಗೇ ಚಪ್ಪಟೆಯಾಗಿ ಕೆಳಗೆ ಕೂರುತ್ತದೆ. ಮೇಲಿನಿಂದ ನೋಡಿದರೆ ಎಲ್ಲ ಸರಿಯಾಗೇ ಇದೆ, ನೀರಿನ ಟ್ಯಾಂಕ್ ಕೂಡ ಅಲ್ಲೇ ಇದೆ. ಕೆಳಗಿನ ಮಹಡಿ ಮಾತ್ರ ಇಲ್ಲ. ಅದು ಪಕ್ಕದ ಮನೆಯವರಿಗೆ ಗೊತ್ತು, ಆ ಹೊತ್ತಿಗೆ ಒಳಗೆ ಯಾರಿದ್ದರು ಅನ್ನುವುದೂ ಗೊತ್ತು.

2010ರ ಜನವರಿ 12ರಂದು ಕೆರಿಬಿಯನ್ ದೇಶ ಹೈಟಿಯಲ್ಲಿ ಭೂಕಂಪವಾದಾಗ ಹೀಗೇ ಆಯಿತು. ಕೆಲವೇ ದಿನಗಳಲ್ಲಿ ಜನ ಸಹಾಯ ಕೇಳಿ 4636 ಅನ್ನುವ ನಂಬರಿಗೆ ಮೆಸೇಜ್ ಕಳಿಸತೊಡಗಿದರು, ಹೆಚ್ಚಿನವು ಅಲ್ಲಿನವರಾಡುವ ಕ್ರಿಯೋಲ್ ಭಾಷೆಯಲ್ಲಿ. ಹೊರಗಿನಿಂದ ಬಂದ ಎಷ್ಟೋ ರಕ್ಷಣಾ ತಂಡಗಳಿಗೆ ಅದನ್ನು ಓದಲಿಕ್ಕೇ ಬರುತ್ತಿರಲಿಲ್ಲ. ಬೇರೆ ದೇಶಗಳಲ್ಲಿದ್ದ ಹೈಟಿಯವರು ಕೂತು ಅನುವಾದ ಮಾಡಿದರು, ಅಷ್ಟೇ ಅಲ್ಲ, ಮೆಸೇಜಿನಲ್ಲಿದ್ದ ಜಾಗ ಯಾವುದು ಅಂತ ಹುಡುಕಿ ಮ್ಯಾಪಿನಲ್ಲಿ ಗುರುತು ಹಾಕಿದರು. ಹುಟ್ಟಿ ಬೆಳೆದ ಓಣಿ, ದೂರದಲ್ಲಿದ್ದರೂ ಮರೆಯುತ್ತದೆಯೇ?

ಆದರೆ ಇಲ್ಲೊಂದು ತೊಡಕಿದೆ. ಮೆಸೇಜ್ ಬರುವುದು ಸಿಗ್ನಲ್ ಮತ್ತು ಚಾರ್ಜ್ ಇರುವ ಕಡೆಯಿಂದ. ಒಂದು ಊರಿನಿಂದ ನೂರು, ಪಕ್ಕದ್ದರಿಂದ ಒಂದೂ ಇಲ್ಲ ಅಂದರೆ ಅಲ್ಲಿ ಎಲ್ಲರೂ ಕ್ಷೇಮ ಅಂತಲ್ಲ, ಟವರ್ರೇ ಬಿದ್ದಿರಬಹುದು. ನನ್ನನ್ನು ಕೇಳಿದರೆ, ಸುಮ್ನೆ ಇರುವ ಊರಿನ ಬಗ್ಗೆಯೇ ಮೊದಲು ವಿಚಾರಿಸಬೇಕು.

ಇನ್ನು ಸ್ಥಳೀಯರು ಹೇಳಿದ್ದೆಲ್ಲ ವೇದವಾಕ್ಯವೂ ಅಲ್ಲ. ಊರಿನ ದೊಡ್ಡವರೊಬ್ಬರನ್ನೇ ಕೇಳಿದರೆ ಹಳ್ಳದ ಆಚೆಗಿನ ಗುಡಿಸಲುಗಳು, ನಿನ್ನೆ ಮೊನ್ನೆ ಕೂಲಿಗೆ ಬಂದವರು ಪಟ್ಟಿಯಿಂದ ಮಾಯವಾಗುತ್ತಾರೆ, ಬೇಕಂತಲೇ ಅಲ್ಲದೆಯೂ. ಅದಕ್ಕೇ ನರ್ಸ್, ಟೀಚರ್, ದಿನಾ ಆ ದಾರಿಯಲ್ಲಿ ಓಡಾಡುವ ಬಸ್ ಡ್ರೈವರ್, ಹೀಗೆ ಮೂರ್ನಾಲ್ಕು ಜನರನ್ನು ಬೇರೆ ಬೇರೆಯಾಗಿ ಕೇಳಬೇಕು. ನಿಮಗೇನು ಬೇಕು ಅಂದರೆ ಎಲ್ಲರೂ ಎಲ್ಲವನ್ನೂ ಕೇಳುತ್ತಾರೆ, ತಪ್ಪೇನಿಲ್ಲ, ಕಷ್ಟದಲ್ಲಿದ್ದಾರೆ. ಬದಲಿಗೆ ಹೀಗೆ ಕೇಳಿ ನೋಡಿ: ನಿಮ್ಮ ಊರು ಬಿಟ್ಟು ಇನ್ನೊಂದೇ ಕಡೆ ಹೋಗಬಹುದು ಅಂದರೆ ನಮ್ಮನ್ನು ಎಲ್ಲಿಗೆ ಕಳಿಸುತ್ತೀರಿ? ಮೂರು ಜನರ ಬಾಯಲ್ಲಿ ಒಂದೇ ಹೆಸರು ಬಂತೋ, ಲಾರಿ ಹೊರಡಿಸಿ.

ಹೊರಡುವಾಗ ಡ್ರೈವರ್ ಪಕ್ಕದ ಸೀಟು ಖಾಲಿ ಬಿಡಬೇಡಿ. ಮುಂದಿನ ಸೇತುವೆ ಲೋಡ್ ತಡೆಯುತ್ತದೋ ಇಲ್ಲವೋ ಅಂತ ಬಲ್ಲ ಆ ಕಡೆಯವರೊಬ್ಬರನ್ನು ಹತ್ತಿಸಿಕೊಳ್ಳಿ. ನಮಸ್ಕಾರ.