ಇಂದ್ರಿಯನ್ನು ಕೊಲ್ಲುವಂತಿಲ್ಲ: ಮಡಗಾಸ್ಕರ್‌ನಲ್ಲಿ ಒಂದು ಸುತ್ತು

ಈ ಕೂಗು ಕೇಳಿ. ನಾನು ಸಂಗೀತ ಏನೂ ಸೇರಿಸಿಲ್ಲ, ಮೈಕ್‌ಗೆ ಸಿಕ್ಕಿದ ಹಾಗೇ ಬಿಟ್ಟಿದ್ದೇನೆ. ಹಕ್ಕಿ ಅಂದುಕೊಂಡಿರಾ? ಅಲ್ಲ. ಇದು ಇಂದ್ರಿ, ಇವತ್ತು ಬದುಕಿರುವ ಲೆಮೂರ್‌ಗಳಲ್ಲೆಲ್ಲ ದೊಡ್ಡದು. ಲೆಮೂರ್ ಅಂದರೆ ಕೋತಿಯ ದೂರದ ನೆಂಟ. ಒಂದು ಗುಂಪು ಶುರು ಮಾಡಿತು ಅಂದರೆ ಗುಡ್ಡದಾಚೆಯ ಇನ್ನೊಂದು ಗುಂಪು ಉತ್ತರ ಕೊಡುತ್ತದೆ. ಎರಡು ಕಿಲೋಮೀಟರ್ ದೂರಕ್ಕೂ ಕೇಳಿಸುತ್ತದೆ. ಇದು ನಮ್ಮ ಜಾಗ, ಈ ಕಡೆ ಬರಬೇಡಿ ಅಂತ ಗಡಿ ಸಾರುವ ಕೂಗು ಇದು. ಜಗಳವನ್ನೂ ಎಷ್ಟು ಇಂಪಾಗಿ ಆಡ್ತಾರೆ ನೋಡಿ.

ನಾವಿರುವುದು ಮಡಗಾಸ್ಕರ್‌ನ ಆಂಡಸಿಬೆ ಕಾಡಿನಲ್ಲಿ. ರಾಜಧಾನಿ ಅಂಟಾನನರಿವೊದಿಂದ ಪೂರ್ವಕ್ಕೆ ಸುಮಾರು 150 ಕಿಲೋಮೀಟರ್. ಅಷ್ಟೇನಾ ಅನ್ನಬೇಡಿ. ಬಂದರಿಗೆ ಹೋಗಿ ಬರುವ ಲಾರಿಗಳ ಹಿಂದೆ, ತಿರುವಿನ ಮೇಲೆ ತಿರುವು ಇಳಿದು ಬರುವ ಹೊತ್ತಿಗೆ ಅರ್ಧ ದಿನ ಮುಗಿದಿರುತ್ತದೆ. ರಾಷ್ಟ್ರೀಯ ಉದ್ಯಾನದೊಳಗೆ ಗೈಡ್ ಇಲ್ಲದೆ ಬಿಡುವುದಿಲ್ಲ. ಬಿಟ್ಟರೂ ಪ್ರಯೋಜನ ಇಲ್ಲ. ನಮ್ಮ ಗೈಡ್ ಬೆರಳು ತೋರಿಸದಿದ್ದರೆ ತಲೆಯ ಮೇಲೇ ಕೂತಿದ್ದ ಈ ಪ್ರಾಣಿ ನನಗೆ ಕಾಣುತ್ತಲೇ ಇರಲಿಲ್ಲ.

ಈಗ ಹತ್ತಿರದಿಂದ ನೋಡಿ. ಕಪ್ಪು-ಬಿಳಿ ಮೈ, ದುಂಡು ಕಿವಿ, ಬಾಲದ ಜಾಗದಲ್ಲಿ ಒಂದು ಮೋಟು ಅಷ್ಟೇ. ಕೊಂಬೆಯನ್ನು ಕೈಯಿಂದ ಬಾಯಿಯ ಹತ್ತಿರ ಎಳೆದುಕೊಂಡು, ಚಿಗುರನ್ನು ಮಾತ್ರ ಕಚ್ಚಿ, ಕೊಂಬೆ ಬಿಟ್ಟುಬಿಡುತ್ತದೆ. ಇನ್ನೊಮ್ಮೆ ಎಳೆಯುತ್ತದೆ. ನಾವು ಐದಾರು ಜನ ಕೆಳಗೆ ಕತ್ತೆತ್ತಿ ನಿಂತಿದ್ದೇವೆ, ಅದಕ್ಕೆ ನಮ್ಮ ಪರಿವೆಯೇ ಇಲ್ಲ. ಆಮೇಲೆ ಮೈ ನೆಟ್ಟಗೆ ಇಟ್ಟುಕೊಂಡೇ ಕಾಲು ಒದ್ದು ಒಂದು ಜಿಗಿತ, ಆಚೆ ಮರಕ್ಕೆ. ಒಂದೇ ನೆಗೆತಕ್ಕೆ ಹತ್ತು ಮೀಟರ್ ದಾಟಬಲ್ಲದು. ಮೃಗಾಲಯದಲ್ಲಿ ಸಾಕಲು ನೋಡಿದವರೆಲ್ಲ ಸೋತಿದ್ದಾರೆ. ಹಾಗಾಗಿ ಇಂದ್ರಿ ನೋಡಬೇಕಾದರೆ ಇಲ್ಲಿಗೇ ಬರಬೇಕು.

ಕಾಡಂಚಿನ ಊರುಗಳಲ್ಲಿ ಇದನ್ನು ಬಾಬಾಕೊಟೊ ಅಂತ ಕರೆಯುತ್ತಾರೆ. ಒಂದು ಕಥೆ ಇದೆ. ಜೇನು ಕೀಳಲು ಮರ ಹತ್ತಿದ ಹುಡುಗನಿಗೆ ಜೇನ್ನೊಣ ಮುತ್ತಿಕೊಳ್ಳುತ್ತವೆ. ಕೈ ಬಿಟ್ಟು ಬೀಳುವಾಗ ಇಂದ್ರಿಯೊಂದು ಅವನನ್ನು ಹಿಡಿದು ಕಾಪಾಡುತ್ತದೆ. ಅಲ್ಲಿಂದ ಇಂದ್ರಿಯನ್ನು ಕೊಲ್ಲುವುದು ಫಾಡಿ. ಅಂದರೆ ಹಿರಿಯರು ಹಾಕಿಟ್ಟ ಕಟ್ಟು, ಮೀರುವಂತಿಲ್ಲ. ಈ ದೇಶದಲ್ಲಿ ಫಾಡಿ ಇಲ್ಲದ ಊರಿಲ್ಲ. ಇಲ್ಲಿ ಹಂದಿಮಾಂಸ ತರಬೇಡಿ, ಈ ಹೊಳೆಯಲ್ಲಿ ಈಜಬೇಡಿ, ಗೋರಿಯ ಕಡೆ ಬೆರಳು ತೋರಿಸಬೇಡಿ. ಒಂದು ಊರಿನದು ಪಕ್ಕದ ಊರಿಗೆ ಅನ್ವಯಿಸದೇ ಇರಬಹುದು. ಸರ್ಕಾರದ ಕಾನೂನು ಬರುವ ಎಷ್ಟೋ ಮೊದಲಿಂದ ಇಂದ್ರಿಯನ್ನು ಕಾದಿದ್ದು ಇದೇ.

ಆಹಾ, ಎಷ್ಟು ಚೆಂದ ಅನಿಸುತ್ತದೆ ಅಲ್ವಾ? ಸ್ವಲ್ಪ ತಡೆಯಿರಿ, ಆಯ್-ಆಯ್ ಬಗ್ಗೆ ಹೇಳ್ತೀನಿ.

ಅದೂ ಲೆಮೂರ್ರೇ. ರಾತ್ರಿ ಓಡಾಡುತ್ತದೆ. ದೊಡ್ಡ ಕಿವಿ, ಕೆದರಿದ ಕೂದಲು, ಇಲಿಗಿರುವಂತೆ ಬೆಳೆಯುತ್ತಲೇ ಇರುವ ಹಲ್ಲು. ಆ ಹಲ್ಲು ನೋಡಿಯೇ ಯುರೋಪಿನ ಪಂಡಿತರು ಮೊದಲು ಇದನ್ನು ಅಳಿಲಿನ ಜಾತಿಗೆ ಸೇರಿಸಿದ್ದರು. ಕೈಯ ನಡುಬೆರಳು ಮಾತ್ರ ಒಣಕಡ್ಡಿಯಷ್ಟು ಸಣ್ಣ. ಅದರಿಂದ ಕೊಂಬೆಯನ್ನು ಟಕಟಕ ಬಡಿಯುತ್ತದೆ, ಕಿವಿಗೊಟ್ಟು ಕೇಳುತ್ತದೆ. ಒಳಗೆ ಟೊಳ್ಳು ಇದೆ ಅನಿಸಿದರೆ ಹಲ್ಲಿನಿಂದ ತೂತು ಕೊರೆದು, ಅದೇ ಬೆರಳು ಹಾಕಿ ಹುಳ ಎಳೆದು ತಿನ್ನುತ್ತದೆ. ಎಂಥಾ ಜಾಣ ಪ್ರಾಣಿ! ಆದರೆ ಎಷ್ಟೋ ಊರುಗಳಲ್ಲಿ ಇದು ಕಂಡರೆ ಸಾವಿನ ಶಕುನ. ಕಂಡ ಕೂಡಲೇ ಕೊಂದು, ದಾರಿ ಬದಿಯಲ್ಲಿ ಕೋಲಿಗೆ ನೇತುಹಾಕುವುದೂ ಉಂಟು. ದಾರಿಹೋಕರು ಕೇಡನ್ನು ಹೊತ್ತುಕೊಂಡು ಹೋಗಲಿ ಅಂತ.

ಒಂದನ್ನು ಉಳಿಸಿದ್ದೂ ನಂಬಿಕೆ, ಇನ್ನೊಂದನ್ನು ಕೊಲ್ಲಿಸ್ತಿರೋದೂ ನಂಬಿಕೆ. ಇಲ್ಲಿನ ಪ್ರಾಣಿಗಳ ಬಗ್ಗೆ ತಿಳಿಯಬೇಕು ಅಂದರೆ ಮೊದಲು ಊರಿನವರ ಹತ್ತಿರ ಮಾತಾಡಬೇಕು ಅಂತ ನನಗೆ ಅನಿಸಿದ್ದು ಅದಕ್ಕೇ.

ಈ ನೆಲದ ಕಥೆ ಚುಟುಕಾಗಿ ಹೇಳಿಬಿಡ್ತೀನಿ. ಜಗತ್ತಿನ ನಾಲ್ಕನೇ ದೊಡ್ಡ ದ್ವೀಪ, ಸುಮಾರು 5.87 ಲಕ್ಷ ಚದರ ಕಿಲೋಮೀಟರ್. ಆಫ್ರಿಕಾದಿಂದ ಬೇರೆಯಾಗಿ 16 ಕೋಟಿ ವರ್ಷಗಳಾದವು. ಆಗ ಭಾರತವೂ ಇದಕ್ಕೆ ಅಂಟಿಕೊಂಡಿತ್ತು, ಸುಮಾರು 8.8 ಕೋಟಿ ವರ್ಷಗಳ ಹಿಂದೆ ಅದೂ ಕಳಚಿಕೊಂಡಿತು. ಆಮೇಲೆ ಇದು ಒಂಟಿ. ಹಾಗಾಗಿ ಇಲ್ಲಿ ಸಿಂಹ ಇಲ್ಲ, ಆನೆ ಇಲ್ಲ, ಕಾಡಿನಲ್ಲಿ ಕೋತಿಯೂ ಇಲ್ಲ. ಅವುಗಳ ಬದಲು ನೂರಕ್ಕೂ ಹೆಚ್ಚು ಬಗೆಯ ಲೆಮೂರ್, ಜಗತ್ತಿನ ಗೋಸುಂಬೆಗಳಲ್ಲಿ ಸುಮಾರು ಅರ್ಧದಷ್ಟು ಬಗೆ. ಜನರೂ ಎದುರಿನ ಆಫ್ರಿಕಾದಿಂದ ಮಾತ್ರ ಬಂದವರಲ್ಲ. ಹಿಂದೂ ಮಹಾಸಾಗರ ದಾಟಿ ಆಗ್ನೇಯ ಏಷ್ಯಾದಿಂದಲೂ ದೋಣಿಯಲ್ಲಿ ಬಂದರು. ಮಲಗಾಸಿ ಭಾಷೆಯ ಹತ್ತಿರದ ನೆಂಟರು ಇರುವುದು ದೂರದ ಬೋರ್ನಿಯೋದಲ್ಲಿ.

ರಾತ್ರಿ ನಡಿಗೆಯ ದೃಶ್ಯ ಇದು. ಸ್ವಲ್ಪ ಅಲುಗಾಡಿದೆ, ಸಹಿಸಿಕೊಳ್ಳಿ. ಕತ್ತಲಾದ ಮೇಲೆ ರಾಷ್ಟ್ರೀಯ ಉದ್ಯಾನದ ಒಳಗೆ ಹೋಗುವಂತಿಲ್ಲ, ರಸ್ತೆ ಬದಿಯಲ್ಲೇ ಟಾರ್ಚ್ ಹಿಡಿದು ನಡೆಯಬೇಕು. ಕೊಂಬೆಯಲ್ಲಿ ಎರಡು ಕೆಂಡದ ಚುಕ್ಕಿ ಕಂಡವಲ್ಲ, ಅದು ಇಲಿ-ಲೆಮೂರ್. ಮುಷ್ಟಿಯೊಳಗೆ ಮುಚ್ಚಿಡಬಹುದು, ಅಷ್ಟು ಚಿಕ್ಕದು.

ಇಲ್ಲಿಂದ ರಾಜಧಾನಿಗೆ ವಾಪಸ್ ಹೋಗಿ, ದಕ್ಷಿಣಕ್ಕೆ ಹೋಗುವ ಆರ್‌ಎನ್‌7 ಹೆದ್ದಾರಿ ಹಿಡಿದೆವು. ಟ್ಯಾಕ್ಸಿ-ಬ್ರೂಸ್ ಅನ್ನುವ ಈ ವ್ಯಾನ್ ಸೀಟು ತುಂಬದೆ ಹೊರಡುವುದಿಲ್ಲ, ತುಂಬಿದ ಮೇಲೂ ಇನ್ನಷ್ಟು ತುಂಬುತ್ತದೆ. ದಾರಿಯುದ್ದಕ್ಕೂ ಮೆಟ್ಟಿಲು ಮೆಟ್ಟಿಲಾಗಿ ಭತ್ತದ ಗದ್ದೆ, ಕೆಂಪು ಮಣ್ಣಿನ ಎರಡಂತಸ್ತಿನ ಮನೆ. ಊಟಕ್ಕೆ ನಿಲ್ಲಿಸಿದಲ್ಲಿ ಗುಡ್ಡೆ ಅನ್ನ, ಪಕ್ಕದಲ್ಲಿ ಒಂದು ಬಟ್ಟಲು ಸೊಪ್ಪಿನ ಸಾರು. ಮೂರು ಹೊತ್ತೂ ಅನ್ನವೇ. ಊಟದ ಜೊತೆ ಕುಡಿಯಲು ಕೊಡುವ ಕಂದು ನೀರನ್ನು ಚಹಾ ಅಂದುಕೊಳ್ಳಬೇಡಿ. ತಳ ಹಿಡಿದ ಅನ್ನದ ಪಾತ್ರೆಗೆ ನೀರು ಹಾಕಿ ಕುದಿಸಿದ್ದು, ಹೆಸರು ರಾನೊವೊಲ. ಸುಟ್ಟ ವಾಸನೆ ಇರುತ್ತದೆ, ಆದರೆ ಬಿಸಿಲಲ್ಲಿ ಬಂದವರಿಗೆ ಇದಕ್ಕಿಂತ ಹಿತವಾದದ್ದಿಲ್ಲ.

ಅದೇ ಅನ್ನ ಕಾಡನ್ನೂ ತಿನ್ನುತ್ತಿದೆ. ಪೂರ್ವದ ಬೆಟ್ಟಗಳಲ್ಲಿ ತಾವಿ ಅಂತ ಮಾಡುತ್ತಾರೆ, ನಮ್ಮ ಮಾತಲ್ಲಿ ಕುಮರಿ ಬೇಸಾಯ. ಕಾಡು ಕಡಿದು ಸುಟ್ಟು ಭತ್ತ ಬಿತ್ತುವುದು, ಮಣ್ಣಿನ ಸಾರ ಹೋದ ಮೇಲೆ ಮುಂದಿನ ತುಂಡಿಗೆ ಹೋಗುವುದು. ರಸ್ತೆ ಬದಿಯಲ್ಲಿ ಸಾಲಾಗಿ ನಿಂತಿರುವ ಈ ಚೀಲಗಳಲ್ಲಿರುವುದು ಇದ್ದಿಲು. ಪೇಟೆಯ ಮನೆಗಳಲ್ಲೂ ಒಲೆ ಉರಿಯುವುದು ಇದರಿಂದಲೇ. ಕಾಡು ಸುಡುವವರನ್ನು ಬೈಯೋದು ಸುಲಭ. ಬೇರೆ ಜಮೀನಿಲ್ಲದ, ಗ್ಯಾಸ್ ಕೊಳ್ಳಲು ಕಾಸಿಲ್ಲದ ಮನೆಯವರು ಏನು ಮಾಡಬೇಕು ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.

ಉತ್ತರದ ಒಂದು ತುಣುಕು ಆಂಜಾದಲ್ಲಿ ಸಿಕ್ಕಿತು. ಅಂಬಾಲವಾವ್ ಪಟ್ಟಣದಿಂದ ಸುಮಾರು 12 ಕಿಲೋಮೀಟರ್, ಬೋಳು ಬಂಡೆಗಳ ಬುಡದಲ್ಲಿ ಒಂದು ಪುಟ್ಟ ಕಾಡು. ಇದನ್ನು ನೋಡಿಕೊಳ್ಳುವುದು ಊರಿನವರದೇ ಸಂಘ. ಗೈಡ್‌ಗಳು ಊರಿನವರು, ಟಿಕೆಟ್ಟಿನ ದುಡ್ಡು ಶಾಲೆಗೆ, ಗಿಡ ನೆಡುವುದಕ್ಕೆ ಹೋಗುತ್ತದೆ. 2012ರಲ್ಲಿ ವಿಶ್ವಸಂಸ್ಥೆಯ ಇಕ್ವೇಟರ್ ಪ್ರಶಸ್ತಿಯೂ ಇವರಿಗೆ ಬಂತು. ಇಲ್ಲೂ ಫಾಡಿ ಇದೆ. ಬೆತ್ಸಿಲೆಯೊ ಜನರ ಹಿರಿಯರ ಗೋರಿಗಳು ಆ ಬಂಡೆಗಳ ಪೊಟರೆಯಲ್ಲಿವೆ, ಉಂಗುರ ಬಾಲದ ಲೆಮೂರ್‌ಗಳನ್ನು ತಿನ್ನುವಂತಿಲ್ಲ. ಆದರೆ ಇಲ್ಲಿ ಕಟ್ಟಿನ ಜೊತೆ ಕಾಸೂ ಸೇರಿದೆ. ಎರಡೂ ಒಂದೇ ಕಡೆ ಎಳೆದರೆ ಕಾಡು ನಿಲ್ಲುತ್ತದೆ.

ಬೆಳಗಿನ ಬಿಸಿಲಿಗೆ ಹೊಟ್ಟೆ ಒಡ್ಡಿ, ಕೈ ಎರಡೂ ಮೊಣಕಾಲ ಮೇಲಿಟ್ಟು, ಪದ್ಮಾಸನ ಹಾಕಿದ ಸ್ವಾಮಿಗಳ ಹಾಗೆ ಕೂತಿದ್ದಾವೆ ನೋಡಿ. ಮುಂದೆ ಕೂತಿರೋಳು ಯಜಮಾನಿ. ಈ ಲೆಮೂರ್‌ಗಳಲ್ಲಿ ಹೆಣ್ಣಿನ ಮಾತೇ ನಡೆಯೋದು, ಹಣ್ಣಿಗೆ ಮೊದಲು ಕೈ ಹಾಕುವವಳೂ ಅವಳೇ. ಗಂಡುಗಳು ಮಣಿಕಟ್ಟಿನ ಗ್ರಂಥಿಯ ವಾಸನೆಯನ್ನು ಬಾಲಕ್ಕೆ ತಿಕ್ಕಿ, ಎದುರಾಳಿಯ ಮೂತಿಗೆ ಬೀಸುತ್ತವೆ. ಯಾರಿಗೆ ನಾತ ತಡೆಯೋಕಾಗಲ್ಲವೋ ಅವನು ಸೋತ.

ದಪ್ಪ ಕಾಂಡದ ಆ ಬಾವೊಬಾಬ್ ಮರ ತೋರಿಸಲೇ ಇಲ್ಲ ಅಂತ ಕೇಳ್ತೀರಾ, ಗೊತ್ತು. ಜಗತ್ತಿನ ಎಂಟು ಬಗೆಗಳಲ್ಲಿ ಆರು ಈ ದೇಶದಲ್ಲಿ ಮಾತ್ರ ಇವೆ, ಅವಕ್ಕೆ ಬೇರೆ ವಿಡಿಯೋನೇ ಬೇಕು. ಅದಕ್ಕೆ ಆಂಟ್ಸಿರಬೆವರೆಗೆ ಹಿಂದಕ್ಕೆ ಹೋಗಿ, ಪಶ್ಚಿಮಕ್ಕೆ ತಿರುಗಿ ಮೊರೊಂಡಾವಾಕ್ಕೆ ಇಳಿಯಬೇಕು. ನೀವೂ ಹೋಗುವವರಿದ್ದರೆ ಮಳೆಗಾಲ ಬಿಟ್ಟು, ಮೇ ಆದ ಮೇಲೆ ಹೊರಡಿ. ಜನವರಿ, ಫೆಬ್ರವರಿಯಲ್ಲಿ ಆ ಕಡೆಯ ಮಣ್ಣಿನ ರಸ್ತೆಗಳಲ್ಲಿ ಗಾಡಿ ಹೂತುಕೊಂಡರೆ ಎಳೆಯಲು ಡುಬ್ಬದ ಎತ್ತುಗಳೇ ಬರಬೇಕು.